ವಾಚ್ ಫ್ಯಾಕ್ಟರಿಯಲ್ಲಿದ್ದ ಅಪ್ಪನ ಬಗ್ಗೆ ಎರಡು ಪುಟ ಬರೆಯಬೇಕು, ಹೇಗೆ?

ಜಾಲಹಳ್ಳಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪನ ವರ್ಷಾಬ್ದಿಕ. ಬಂದವರಿಗೆ ಕೊಡೋಕೆ ಒಂದು ಚಿಕ್ಕ ಪುಸ್ತಕ ಮಾಡಿಸೋಣ ಅಂತ ಮನೆಯಲ್ಲಿ ಮಾತಾಗಿದೆ. ವಿಷ್ಣು ಸಹಸ್ರನಾಮ, ಅದಕ್ಕೆ ಮುಂಚೆ ಎರಡು ಪುಟ ಅಪ್ಪನ ಬಗ್ಗೆ. ಆ ಎರಡು ಪುಟದ ಕೆಲಸ ನನ್ನ ತಲೆಗೆ ಬಂದಿದೆ. ಚಿಕ್ಕಪ್ಪ ಆಗಲೇ ಒಂದು ಬರೆದು ವಾಟ್ಸಾಪ್ ಮಾಡಿದ್ದಾರೆ. "ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಮಿತಭಾಷಿ, ದೈವಭಕ್ತ, ತುಂಬು ಜೀವನ ನಡೆಸಿದ ಹಿರಿಯ ಚೇತನ..." ತಪ್ಪೇನಿಲ್ಲ. ಆದರೆ ಇದನ್ನ ಯಾರ ಫೋಟೋ ಕೆಳಗೆ ಹಾಕಿದರೂ ನಡೆಯುತ್ತೆ, ಅಲ್ವಾ?

ಅಪ್ಪ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದರು, ಜಾಲಹಳ್ಳಿಯಲ್ಲಿ. ಐಟಿಐ ಮುಗಿಸಿ ಸೇರಿದ್ದು, ಅಸೆಂಬ್ಲಿಯಲ್ಲೇ ಜಾಸ್ತಿ ವರ್ಷ. ವಿಆರ್‌ಎಸ್ ತಗೊಂಡ ಮೇಲೆ ಮನೆಯ ಕಿಟಕಿ ಪಕ್ಕ ಒಂದು ಮೇಜು ಹಾಕ್ಕೊಂಡು ವಾಚ್ ರಿಪೇರಿ ಮಾಡ್ತಾ ಇದ್ದರು. ದುಡ್ಡಿಗೆ ಅಂತ ಅಲ್ಲ, ಕೈ ಸುಮ್ಮನೆ ಇರುತ್ತಿರಲಿಲ್ಲ ಅಷ್ಟೇ. ಮಿಕ್ಸಿ, ಕುಕ್ಕರ್ ಹಿಡಿ, ಪಕ್ಕದ ಮನೆ ಸೈಕಲ್, ದೇವಸ್ಥಾನದ ಗಂಟೆಯ ನಾಲಿಗೆ, ಎಲ್ಲಾ ಅವರ ಹತ್ತಿರವೇ ಬರುತ್ತಿತ್ತು. ನವರಾತ್ರಿಗೆ ಬೊಂಬೆ ಕೂರಿಸೋ ಮೆಟ್ಟಿಲನ್ನ ಪ್ಯಾಕಿಂಗ್ ಪೆಟ್ಟಿಗೆ ಹಲಗೆಯಲ್ಲಿ ಮಾಡಿದ್ದರು. ಒಂದು ಮೊಳೆ ಇಲ್ಲ. ಹಲಗೆ ಅಂಚಿನಲ್ಲಿ ಕಚ್ಚು ಕೊಯ್ದು ಒಂದರೊಳಗೆ ಒಂದು ಕೂರಿಸೋದು, ಪ್ರತಿ ಹಲಗೆ ಹಿಂದೆ ಕನ್ನಡ ಅಂಕಿಯಲ್ಲಿ ನಂಬರು. ಹಬ್ಬ ಮುಗಿದರೆ ಬಿಚ್ಚಿ ಮಂಚದ ಕೆಳಗೆ ತಳ್ಳೋದು. ಈಗಲೂ ಅದರ ಮೇಲೇ ಕೂರಿಸ್ತೀವಿ.

ಅವರ ಬಿಸ್ಕೆಟ್ ಡಬ್ಬಿ ಒಂದು ಸಿಕ್ಕಿದೆ. ಅದರಲ್ಲಿ ಬೆಂಕಿಕಡ್ಡಿಗಿಂತ ಸಣ್ಣಗೆ ಸೀಳಿ, ತುದಿ ಪೆನ್ಸಿಲ್ ಥರ ಚೂಪು ಮಾಡಿದ ಬಿದಿರು ಕಡ್ಡಿಗಳ ಕಟ್ಟು ಇದೆ. ಒಂದು ತುಂಡು ಬೆಂಡು, ಅದರ ತುಂಬಾ ಚುಚ್ಚಿದ ಗುರುತು. ಆಮೇಲೆ ಒಂದಷ್ಟು ಚೀಟಿ, ಅಪ್ಪನ ಅಕ್ಷರದಲ್ಲಿ: "ಡ ಮೇ +12, ಡ ಕೆ +8, ಕೀ ಮೇ -20, ಕೀ ಕೆ -5". ಜೊತೆಗೆ ಹಿಂದಿನ ಮುಚ್ಚಳ ತೆಗೆದಿಟ್ಟ, ಎಚ್‌ಎಂಟಿಯದೇ ಜನತಾ ಅನ್ನೋ ಮಾಡೆಲ್ಲಿನ ಒಂದು ವಾಚು. ಯಾರದೋ ರಿಪೇರಿಗೆ ಬಂದದ್ದೋ ಸ್ವಂತದ್ದೋ ಗೊತ್ತಿಲ್ಲ. ಈ ಕಡ್ಡಿ ಯಾತಕ್ಕೆ, ಚೀಟಿಯಲ್ಲಿರೋದು ಏನು, ಆ ವಾಚನ್ನ ರಿಪೇರಿಗೆ ಕೊಡಬಹುದಾ ಅಂತ ತಿಳಿದವರು ಹೇಳಿ. ಮತ್ತೆ ಮುಖ್ಯವಾಗಿ, ಇಂಥ ಮನುಷ್ಯನ ಬಗ್ಗೆ ಹೇಗೆ ಬರೀಬೇಕು? ಅಪ್ಪ ತನ್ನ ಕೆಲಸದ ಬಗ್ಗೆ ಮಾತಾಡಿದ್ದೇ ಕಡಿಮೆ.

ಎರಡನೇ ಶಿಫ್ಟು:

ನೋಡಮ್ಮ, ನಾನೂ ಅಲ್ಲೇ ಇದ್ದವನು. ನಿಮ್ಮ ತಂದೆ ಯಾರು ಅಂತ ಇಲ್ಲಿ ಕೇಳೋದಿಲ್ಲ, ಆದರೆ ಆ ಚೀಟಿ ನೋಡಿದರೆ ಕೆಲಸ ಬಲ್ಲವರು ಅಂತ ಗೊತ್ತಾಗುತ್ತೆ.

"ಡ ಮೇ" ಅಂದರೆ ಡಯಲ್ ಮೇಲೆ, "ಡ ಕೆ" ಅಂದರೆ ಡಯಲ್ ಕೆಳಗೆ. "ಕೀ ಮೇ" ಅಂದರೆ ಕೀ ಕೊಡೋ ತಿರುಪು ಮೇಲಕ್ಕೆ ಬರೋ ಹಾಗೆ ವಾಚನ್ನ ನಿಲ್ಲಿಸೋದು. ಮುಂದಿನ ಅಂಕಿ, ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ. ಮಲಗಿಸಿದಾಗ 12 ಸೆಕೆಂಡು ಮುಂದೆ ಹೋಗೋ ವಾಚು, ನಿಲ್ಲಿಸಿದರೆ 20 ಸೆಕೆಂಡು ಹಿಂದೆ ಬೀಳುತ್ತಿದೆ. ಯಾಕೆ ಅಂದರೆ ಬ್ಯಾಲೆನ್ಸ್ ವೀಲಿನ, ಅಂದರೆ ವಾಚಿನೊಳಗೆ ಅತ್ತಿತ್ತ ತಿರುಗೋ ಚಕ್ರದ ತೂಕ ಸುತ್ತಲೂ ಒಂದೇ ಸಮ ಇಲ್ಲದಿದ್ದರೆ, ನಿಲ್ಲಿಸಿದಾಗ ಭಾರದ ಕಡೆ ಎಳೆಯುತ್ತೆ. ಮಲಗಿಸಿದಾಗ ಅದು ಕಾಣೋದಿಲ್ಲ. ಬೀದಿ ರಿಪೇರಿಯವರು ಒಂದು ಕಡೆ ಟೈಮ್ ಸರಿ ಮಾಡಿ ಕೊಟ್ಟುಬಿಡ್ತಾರೆ. ನಿಮ್ಮ ತಂದೆ ನಾಲ್ಕು ಕಡೆ ನೋಡಿ ಬರೆದಿಟ್ಟಿದ್ದಾರೆ. ವಾಚು ಹಾಕಿಕೊಳ್ಳೋವ್ರು ಕೈ ಆಡಿಸ್ತಾರೆ, ರಾತ್ರಿ ಬಿಚ್ಚಿ ಮೇಜಿನ ಮೇಲೆ ಮಲಗಿಸ್ತಾರೆ, ಎಲ್ಲಾ ಸೇರಿ ದಿನದ ಕೊನೆಗೆ ಸರಿ ಬರಬೇಕು. ಈ ಲೆಕ್ಕ ಅದು.

ಬಿದಿರು ಕಡ್ಡಿ ಕಲ್ಲಿನ ತೂತು ತೊಳೆಯೋಕೆ. ಜನತಾದಲ್ಲಿ 17 ಜುವೆಲ್ ಇರುತ್ತೆ, ಅಂದರೆ ಕಾರ್ಖಾನೆಯಲ್ಲಿ ಮಾಡಿದ ಕೆಂಪು ಕಲ್ಲು. ಚಕ್ರಗಳ ಅಚ್ಚಿನ ತುದಿ ಆ ಕಲ್ಲಿನ ತೂತಲ್ಲಿ ತಿರುಗುತ್ತೆ. ಹಳೇ ಎಣ್ಣೆ ಅಲ್ಲಿ ಗಟ್ಟಿಯಾಗಿ ಕೂತಿರುತ್ತೆ. ಪೆಟ್ರೋಲಲ್ಲಿ ಅದ್ದಿದರೂ ಪೂರ್ತಿ ಹೋಗೋದಿಲ್ಲ. ಮರದ ಕಡ್ಡಿ ಚೂಪು ಮಾಡಿ ತೂತಲ್ಲಿ ಇಟ್ಟು ತಿರುಗಿಸಬೇಕು, ಕಪ್ಪಾದ ತುದಿ ಕೆತ್ತಿ ಬಿಸಾಕಿ ಮತ್ತೆ ತಿರುಗಿಸಬೇಕು, ತುದಿ ಬೆಳ್ಳಗೇ ಹೊರಗೆ ಬರೋ ತನಕ. ಅದಕ್ಕೆ ಬೇರೆ ದೇಶದಿಂದ ಬರೋ ಕಡ್ಡಿ ಇದೆ. ಇವರು ಬಿದಿರಲ್ಲೇ ಮಾಡಿಕೊಂಡಿದ್ದಾರೆ. ಬೆಂಡು ಚಿಮಟದ ತುದಿ ಒರೆಸೋಕೆ. ಚುಚ್ಚಿ ತೆಗೆದರೆ ಎಣ್ಣೆ, ಧೂಳು ಎಲ್ಲಾ ಅದರಲ್ಲೇ ಉಳಿಯುತ್ತೆ.

ಇನ್ನು ಫ್ಯಾಕ್ಟರಿ ವಿಷಯ. ಎಚ್‌ಎಂಟಿ ಶುರುವಾಗಿದ್ದು 1953ರಲ್ಲಿ, ಮೆಷಿನ್ ಟೂಲ್ಸ್‌ಗೆ. ವಾಚ್ ಫ್ಯಾಕ್ಟರಿ 1961ರಲ್ಲಿ, ಜಪಾನಿನ ಸಿಟಿಜನ್ ಜೊತೆ ಸೇರಿ. ಮೊದಲ ವಾಚುಗಳನ್ನ 1963ರಲ್ಲಿ ನೆಹರೂ ಬಿಡುಗಡೆ ಮಾಡಿದರು. ನಾವು ಸೇರೋ ಹೊತ್ತಿಗೆ ಅದು ದೊಡ್ಡ ಹೆಸರು. ಮದುವೆ ಗಂಡಿಗೆ ಎಚ್‌ಎಂಟಿ ವಾಚು ಕೊಡಲೇಬೇಕು ಅನ್ನೋ ಕಾಲ. ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುತ್ತಿರಲಿಲ್ಲ. ಊರಿಗೆ ಹೋದರೆ ನೆಂಟರು ಕಾಫಿ ಕೊಡೋಕೂ ಮುಂಚೆ "ಒಂದು ವಾಚು ಕೊಡಿಸಪ್ಪಾ" ಅನ್ನೋರು. ಅಸೆಂಬ್ಲಿಯಲ್ಲಿ ಹೆಣ್ಣುಮಕ್ಕಳು ಬಹಳ ಜನ ಇದ್ದರು, ಅವರ ಕೈ ಚುರುಕು ನಮಗೆ ಬರುತ್ತಿರಲಿಲ್ಲ, ಇದನ್ನ ಒಪ್ಪಿಕೊಳ್ಳದ ಗಂಡಸರೂ ಇದ್ದರು ಬಿಡಿ. ಬಿಳಿ ಕೋಟು, ಕಣ್ಣಿಗೆ ಲೂಪು ಅಂದರೆ ಪುಟ್ಟ ಭೂತಗನ್ನಡಿ, ಚಿಮಟ. ಹೇರ್‌ಸ್ಪ್ರಿಂಗ್ ಅಂತ ಸುರುಳಿ ಇರುತ್ತಲ್ಲ, ಅದನ್ನ ಒಂದು ಸಲ ಒರಟಾಗಿ ಹಿಡಿದರೆ ಮುಗೀತು. ಉಸಿರು ಜೋರಾಗಿ ಬಿಟ್ಟರೂ ತಿರುಪು ಹಾರಿಹೋಗುತ್ತೆ. ಕೆಲಸಕ್ಕೆ ಕೂತಾಗ ಮಾತು ಕಮ್ಮಿ ಯಾಕೆ ಅಂತ ಈಗ ಅರ್ಥ ಆಯ್ತಾ? ನಿಮ್ಮ ಚಿಕ್ಕಪ್ಪ "ಮಿತಭಾಷಿ" ಅಂತ ಬರೆದಿದ್ದಾರಲ್ಲ, ಅದರ ಬದಲು ಇದನ್ನ ಬರೀರಿ.

ಇನ್ನೊಂದು. ಜನತಾ ಸೆಕೆಂಡಿಗೆ 5 ಪೆಟ್ಟು ಹೊಡೆಯುತ್ತೆ, ಗಂಟೆಗೆ 18,000. ದಿನಕ್ಕೆ 4,32,000. ಕಲಿಯುಗಕ್ಕೆ ಪಂಚಾಂಗದಲ್ಲಿ ಹೇಳೋ ವರ್ಷವೂ 4,32,000. ನಮ್ಮ ಲೈನಲ್ಲಿ ಹಿರಿಯರೊಬ್ಬರು ಹೊಸಬರಿಗೆಲ್ಲ ಇದನ್ನೇ ಹೇಳೋರು, "ಒಂದು ದಿನ ಸರಿಯಾಗಿ ಓಡಿಸು, ಒಂದು ಯುಗ ಓಡಿಸಿದ ಹಾಗೆ" ಅಂತ. ನಿಮ್ಮ ತಂದೆಯವರ ಕಿವಿಗೂ ಬಿದ್ದಿರುತ್ತೆ.

ತುಮಕೂರಿನವನು:

ಅಕ್ಕ, ನಮ್ಮಪ್ಪ ಕೂಡ ವಾಚ್ ಫ್ಯಾಕ್ಟರಿ, ತುಮಕೂರಿನದ್ದು. ಅದು 1978ರಲ್ಲಿ ಶುರುವಾಗಿದ್ದು. ನಾವು ಹುಟ್ಟಿ ಬೆಳೆದಿದ್ದೇ ಸೈರನ್ ಕೇಳ್ಕೊಂಡು.

ನನ್ನ ಅನಿಸಿಕೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕೈಚಳಕ ಅಂತ ಶುರು ಮಾಡಿದರೆ ಎಲ್ಲರೂ ದೇವರು ಮಾಡಿಬಿಡ್ತಾರೆ. ನಮ್ಮಪ್ಪನ ಮೇಜಿನ ಹತ್ತಿರ ನಾವು ಯಾರೂ ಹೋಗೋ ಹಾಗಿರಲಿಲ್ಲ. ಫ್ಯಾನ್ ಹಾಕೋ ಹಾಗಿಲ್ಲ, ಧೂಳು ಬರುತ್ತೆ. ಬಾಗಿಲು ಜೋರಾಗಿ ಹಾಕೋ ಹಾಗಿಲ್ಲ. ಬೇಸಿಗೆಯಲ್ಲಿ ಇಡೀ ಮನೆ ಬೆವರು ಸುರಿಸಿಕೊಂಡು ಕೂತಿರಬೇಕು, ಅವರು ಯಾರದೋ ವಾಚಿನ ಮುಳ್ಳು ಕೂರಿಸ್ತಾ ಇರ್ತಾರೆ. ಒಂದು ತಿರುಪು ಬಿತ್ತು ಅಂದರೆ ಮುಗೀತು, ಯಾರೂ ಹೆಜ್ಜೆ ಎತ್ತಿಡೋ ಹಾಗಿಲ್ಲ, ಅಮ್ಮ ಒಲೆ ಮೇಲೆ ಹಾಲಿಟ್ಟಿದ್ದರೂ ಅಲ್ಲೇ ನಿಂತಿರಬೇಕು, ನನ್ನ ತಮ್ಮ ಅಯಸ್ಕಾಂತ ಹಿಡ್ಕೊಂಡು ನೆಲ ಸವರಬೇಕು. ಅಮ್ಮ ಬೈದದ್ದು ಒಂದೆರಡು ಸಲ ಅಲ್ಲ. ಇದೆಲ್ಲಾ ಬರೆದರೆನೇ ಅವರು ಕಣ್ಣಿಗೆ ಕಾಣೋದು.

ಆದರೆ ಅದೇ ಮನುಷ್ಯ ನಮ್ಮ ಅಜ್ಜನಿಗೆ ಏನು ಮಾಡಿದ್ದರು ಅಂತಲೂ ಹೇಳಬೇಕು. ಅಜ್ಜನಿಗೆ ವಯಸ್ಸಾದ ಮೇಲೆ ಕಣ್ಣು ಪೂರ್ತಿ ಹೋಗಿತ್ತು. ಎಚ್‌ಎಂಟಿಯಲ್ಲಿ ಕಣ್ಣು ಕಾಣದವರಿಗೆ ಬ್ರೈಲ್ ವಾಚು ಮಾಡ್ತಿದ್ದರು. ಗಾಜನ್ನ ಮುಚ್ಚಳದ ಹಾಗೆ ತೆಗೆದು ಬೆರಳಲ್ಲಿ ಮುಟ್ಟಿ ನೋಡೋದು. ಡಯಲ್ ಮೇಲೆ ಉಬ್ಬು ಚುಕ್ಕೆ. ಅಪ್ಪ ಒಂದು ತಂದುಕೊಟ್ಟರು. ಅಜ್ಜನ ಬೆರಳು ಹೊಲದ ಕೆಲಸ ಮಾಡಿ ಮಾಡಿ ಗಟ್ಟಿಯಾಗಿದ್ದವು, ಚುಕ್ಕೆ ತಿಳೀತಾ ಇರಲಿಲ್ಲ. ಅಪ್ಪ ಪ್ರತಿ ಭಾನುವಾರ ಬಿಸಿನೀರಲ್ಲಿ ಅಜ್ಜನ ಕೈ ನೆನೆಸಿ, ತೋರುಬೆರಳಿನ ಗಟ್ಟಿ ಚರ್ಮವನ್ನ ಉಜ್ಜುಕಲ್ಲಲ್ಲಿ ಮೆತ್ತಗೆ ತೆಗೆಯೋರು. ಆಮೇಲೆ ಅಜ್ಜ ಊರಲ್ಲಿ ಯಾರು ಸಿಕ್ಕರೂ "ಟೈಮ್ ಎಷ್ಟು ಕೇಳು ನನ್ನ" ಅನ್ನೋರು. ಕೇಳದಿದ್ದರೂ ಹೇಳೋರು.

ನಿಮ್ಮ ಅಮ್ಮನ ಹತ್ತಿರ ಕೂತು ಕೇಳಿ. ನಮಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತೆ. "ಅಪ್ಪ ಹೇಗಿದ್ದರು" ಅಂತ ಕೇಳಿದರೆ "ಒಳ್ಳೆಯವರು" ಅಂತಾರೆ, ಅಲ್ಲಿಗೆ ಮಾತು ನಿಲ್ಲುತ್ತೆ. "ಆ ಡಬ್ಬಿ ಎಲ್ಲಿ ಇಡ್ತಿದ್ದರು, ಯಾರ್ಯಾರು ಬರ್ತಿದ್ದರು, ದುಡ್ಡು ತಗೋತಿದ್ದರಾ" ಅಂತ ಕೇಳಿ.

ಸುಮ್ನೆ ಓದುವವ:

ಎರಡು ಪುಟಕ್ಕೆ ಇಷ್ಟೆಲ್ಲಾ ಬೇಕಾ? ಶ್ರಾದ್ಧದ ಪುಸ್ತಕ ಯಾರೂ ಓದಲ್ಲ. ಚಿಕ್ಕಪ್ಪ ಬರೆದದ್ದನ್ನೇ ಹಾಕಿ ಒಂದು ಒಳ್ಳೆ ಫೋಟೋ ಹಾಕಿಬಿಡಿ.

ತುಮಕೂರಿನವನು:

ಯಾರೂ ಓದದೇ ಇರೋದು ಎಲ್ಲದರಲ್ಲೂ ಒಂದೇ ಬರೆದಿರೋದಕ್ಕೇ ಸ್ವಾಮಿ.

ಹಿತ್ತಾಳೆ ಚಿಮಟ:

ನಾನು ರಿಪೇರಿ ಅಂಗಡಿ ಇಟ್ಕೊಂಡವನು, ಅದಕ್ಕೆ ವಾಚಿನ ಬಗ್ಗೆ ಮಾತ್ರ ಹೇಳ್ತೀನಿ ಮೇಡಂ.

ಮೊದಲು, ಅದಕ್ಕೆ ಈಗ ಕೀ ಕೊಡಬೇಡಿ. ಓಡುತ್ತಾ ನೋಡೋಣ ಅಂತ ಎಲ್ಲರೂ ಮಾಡೋ ಕೆಲಸ ಅದು. ಎಣ್ಣೆ ಒಣಗಿರುತ್ತೆ, ಒಣ ಅಚ್ಚು ಕಲ್ಲಲ್ಲಿ ತಿರುಗಿದರೆ ಸವೆಯುತ್ತೆ. ಮುಚ್ಚಳ ತೆಗೆದಿಟ್ಟಿದೆ ಅಂದ್ರಿ, ಧೂಳೂ ಹೋಗಿರುತ್ತೆ. ಒಂದು ಸ್ವಚ್ಛ ಡಬ್ಬಿಯಲ್ಲಿ ಮುಚ್ಚಿಡಿ. ಸ್ಪೀಕರ್, ಅಯಸ್ಕಾಂತದ ಮುಚ್ಚಳ ಇರೋ ಪರ್ಸು, ಇವುಗಳಿಂದ ದೂರ ಇಡಿ. ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತದ ಗುಣ ಹತ್ತಿದರೆ ಸುರುಳಿ ಒಂದಕ್ಕೊಂದು ಅಂಟಿಕೊಂಡು ವಾಚು ಗಂಟೆಗಟ್ಟಲೆ ಮುಂದೆ ಓಡುತ್ತೆ.

ರಿಪೇರಿಗೆ ಖಂಡಿತಾ ಕೊಡಬಹುದು. ಜನತಾ ತುಂಬಾ ಗಟ್ಟಿ ಮೆಷಿನ್ನು, ಬಿಡಿಭಾಗ ಇನ್ನೂ ಸಿಗುತ್ತೆ. ಆದರೆ ಕೊಡೋವಾಗ ಬಾಯಿಬಿಟ್ಟು ಹೇಳಿ: ಡಯಲ್ ಬದಲಾಯಿಸಬೇಡಿ, ಕೇಸ್ ಪಾಲಿಷ್ ಹಾಕಬೇಡಿ, ಮುಳ್ಳು ಹಳೇದೇ ಇರಲಿ. ಈಗ ಆನ್‌ಲೈನಲ್ಲಿ ಎಚ್‌ಎಂಟಿ ಅಂತ ಮಾರೋದರಲ್ಲಿ ಎಷ್ಟೋ ವಾಚಿಗೆ ಡಯಲ್ ಹೊಸದಾಗಿ ಬಣ್ಣ ಹೊಡೆದಿರ್ತಾರೆ, ಫ್ಯಾಕ್ಟರಿಯಲ್ಲಿ ಯಾವತ್ತೂ ಮಾಡದ ಹಸಿರು, ಕಿತ್ತಳೆ ಎಲ್ಲಾ ಇರುತ್ತೆ. ನಿಮ್ಮದರ ಡಯಲ್ ಹಳದಿ ತಿರುಗಿದ್ದರೆ ತಿರುಗಿರಲಿ.

ಮುಚ್ಚಳದ ಒಳಗಡೆ ಲೂಪು ಹಿಡಿದು ನೋಡಿ. ನಾವು ರಿಪೇರಿಯವರು ಸೂಜಿಯಲ್ಲಿ ತಾರೀಖು, ಗುರುತು ಗೀರಿರ್ತೀವಿ, ಮುಂದಿನ ಸಲ ಯಾವಾಗ ಎಣ್ಣೆ ಹಾಕಿದ್ದು ಅಂತ ತಿಳಿಯೋಕೆ. ನಿಮ್ಮ ತಂದೆ ಗೀರಿದ್ದರೆ ಅದು ಯಾರ ವಾಚು ಅನ್ನೋದೂ ತಿಳೀಬಹುದು. ಮೊಬೈಲ್ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಬಿಡಿ, ನೇರ ಬಿಟ್ಟರೆ ಹೊಳಪಿಗೆ ಕಾಣಲ್ಲ.

ಜಾಲಹಳ್ಳಿ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡನೇ ಶಿಫ್ಟು ಸರ್, ಚೀಟಿ ವಿಷಯ ಅಮ್ಮನಿಗೆ ಓದಿ ಹೇಳಿದೆ. "ಅದಕ್ಕಾ ಮಧ್ಯರಾತ್ರಿ ಎದ್ದು ವಾಚು ತಿರುಗಿಸಿ ಇಡ್ತಿದ್ದದ್ದು, ನನಗೆ ನಿದ್ದೆ ಕೆಡಿಸ್ಕೊಂಡು" ಅಂದರು.

ಮುಚ್ಚಳದ ಒಳಗೆ ಗೀರಿದ್ದು ಇದೆ! ನಾಲ್ಕು ಸಾಲು ತಾರೀಖು, ಮೊದಲನೇದು 84ರದ್ದು, ಪಕ್ಕದಲ್ಲಿ "ಭಾವ". ಅಪ್ಪ ಹಾಗೆ ಕರೀತಿದ್ದದ್ದು ದೊಡ್ಡತ್ತೆ ಯಜಮಾನರನ್ನ ಮಾತ್ರ. ಮಾವ ಹೋಗಿ ಬಹಳ ವರ್ಷ ಆಯ್ತು. ಅತ್ತೆಗೆ ಫೋನ್ ಮಾಡಿದರೆ, "ಅದು ಮದುವೆಯಲ್ಲಿ ನಿಮ್ಮಪ್ಪನೇ ಕೊಟ್ಟ ವಾಚು ಕಣೇ, ರಿಪೇರಿ ಮಾಡಿಕೊಡ್ತೀನಿ ಅಂತ ತಗೊಂಡು ಹೋದವನು ವಾಪಸ್ ಕೊಡಲೇ ಇಲ್ಲ" ಅಂತ ಜಗಳಕ್ಕೇ ನಿಂತರು. ಹಾಗಾಗಿ ವಾಚು ರಿಪೇರಿಯಾಗಿ ಅತ್ತೆ ಮನೆಗೆ ಹೋಗುತ್ತೆ. ವರ್ಷಾಬ್ದಿಕದ ದಿನ ಬಂದು ತಗೋತಾರಂತೆ, ಡಯಲ್ ಮುಟ್ಟಬಾರದು ಅಂತ ಅವರೂ ಹೇಳಿದ್ದಾರೆ.

ಅಮ್ಮನ ಹತ್ತಿರ ಕೂತು ಕೇಳಿದ್ದು ಒಳ್ಳೇದಾಯ್ತು. ನನಗೆ ಗೊತ್ತೇ ಇಲ್ಲದ ಒಂದು ವಿಷಯ: ಕಾಲೋನಿ ಹೆಂಗಸರೆಲ್ಲಾ ಮೂಗುಬೊಟ್ಟಿನ ತಿರುಪು ಸಿಕ್ಕಿಹಾಕಿಕೊಂಡರೆ, ಓಲೆ ತಿರುಪಿನ ಸುತ್ತು ಸವೆದರೆ ಅಪ್ಪನ ಹತ್ತಿರ ಬರ್ತಿದ್ದರಂತೆ. ಮೂಗು ಊದಿಕೊಂಡು ಅಳ್ತಾ ಬಂದ ಹುಡುಗಿಯನ್ನ ಕಿಟಕಿ ಬೆಳಕಿಗೆ ಕೂರಿಸಿ, ಅಮ್ಮನಿಗೆ ತಲೆ ಹಿಡ್ಕೋ ಅಂತ ಹೇಳಿ, ಲೂಪು ಹಾಕಿ ಎರಡು ಚಿಮಟದಲ್ಲಿ ತಿರುಪು ಬಿಚ್ಚಿಕೊಡ್ತಿದ್ದರಂತೆ. ದುಡ್ಡು ಕೊಟ್ಟರೆ ತಗೋತಿರಲಿಲ್ಲ, ಹುಣಸೆಹಣ್ಣು, ಹಪ್ಪಳ ಕೊಟ್ಟರೆ ಬೇಡ ಅಂತಿರಲಿಲ್ಲ. ಇನ್ನೂ ಒಂದು: ಬಿಚ್ಚಿದ ವಾಚಿನ ಮೇಲೆ ಧೂಳು ಬೀಳದ ಹಾಗೆ ಅಮ್ಮನ ಗಾಜಿನ ಲೋಟ ಬೋರಲು ಹಾಕ್ತಿದ್ದರು. ಅರ್ಧ ಡಜನ್ ಲೋಟದಲ್ಲಿ ಅಡುಗೆಮನೆಗೆ ಉಳಿದದ್ದು ಎರಡೇ ಅಂತೆ. ಬಂದ ನೆಂಟರು ಮೂರು ಜನ ಇದ್ದರೆ ಒಬ್ಬರಿಗೆ ಸ್ಟೀಲ್ ಲೋಟದಲ್ಲಿ ಶರಬತ್ತು.

ಬರೆದದ್ದರಲ್ಲಿ ಸ್ವಲ್ಪ ಹಾಕ್ತಿದ್ದೀನಿ, ನೋಡಿ ಹೇಳಿ:

"ನಮ್ಮ ತಂದೆಯವರು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ವಾಚು ಜೋಡಿಸುತ್ತಿದ್ದರು. 17 ಕಲ್ಲಿನ ಜನತಾ ವಾಚನ್ನು ನಾಲ್ಕು ದಿಕ್ಕಿನಲ್ಲಿ ಇಟ್ಟು, ದಿನಕ್ಕೆ ಎಷ್ಟು ಸೆಕೆಂಡು ಹೆಚ್ಚು ಕಮ್ಮಿ ಎಂದು ಬರೆದುಕೊಂಡು, ಸರಿ ಬರುವವರೆಗೆ ಕೊಡುತ್ತಿರಲಿಲ್ಲ. ಕೆಲವರಿಗೆ ಕೊಡಲೇ ಇಲ್ಲ, ನಮ್ಮ ಅತ್ತೆಯನ್ನು ಕೇಳಿ. ಅವರು ಕೆಲಸಕ್ಕೆ ಕೂತರೆ ಮನೆಯಲ್ಲಿ ಫ್ಯಾನ್ ಹಾಕುವ ಹಾಗಿರಲಿಲ್ಲ. ಬೊಂಬೆ ಮೆಟ್ಟಿಲು, ಕುಕ್ಕರ್ ಹಿಡಿ, ನೆರೆಯವರ ಮೂಗುಬೊಟ್ಟು, ದೇವಸ್ಥಾನದ ಗಂಟೆ ಎಲ್ಲವೂ ಅವರ ಕೈಯಲ್ಲಿ ಸರಿಹೋಗಿವೆ. ಇವುಗಳಲ್ಲಿ ಯಾವುದಾದರೂ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕೊನೆಯ ಪುಟದಲ್ಲಿ ಬರೆದು ಕೊಟ್ಟು ಹೋಗಿ."

ಕೊನೆಯ ಪುಟ ಖಾಲಿ ಬಿಡಿಸ್ತಿದ್ದೀನಿ, ಹರಿದುಕೊಡೋ ಹಾಗೆ. ಫ್ಯಾಕ್ಟರಿ ಮುಚ್ಚಿದ ವಿಷಯ ಹಾಕಬೇಕಾ ಬೇಡವಾ ಅಂತ ಮಾತ್ರ ತಿಳೀತಿಲ್ಲ. ಚಿಕ್ಕಪ್ಪ ಬೇಡ ಅಂತಾರೆ, ಅಪಶಕುನ ಅಂತೆ.

ಎರಡನೇ ಶಿಫ್ಟು:

ಚೆನ್ನಾಗಿದೆಯಮ್ಮ. ಅತ್ತೆ ವಾಕ್ಯ ತೆಗೀಬೇಡಿ, ಯಾರು ಏನೇ ಹೇಳಲಿ.

ಮುಚ್ಚಿದ ವಿಷಯ ಒಂದು ಸಾಲು ಹಾಕಿ. ಬ್ಯಾಟರಿ ವಾಚು ಬಂತು, ಹೊಸೂರಿನಲ್ಲಿ ಟೈಟನ್ ಬಂತು, ನಮ್ಮವರೇ ಎಷ್ಟೋ ಜನ ಆ ಕಡೆ ಹೋದರು, ಕೊನೆಗೆ 2016ರಲ್ಲಿ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚೋ ತೀರ್ಮಾನ ಮಾಡಿತು. ಅಪಶಕುನ ಏನೂ ಇಲ್ಲ, ನಡೆದದ್ದು. ಮಕ್ಕಳಿಗೆ ತೋರಿಸಬೇಕು ಅಂದರೆ ಜಾಲಹಳ್ಳಿಯಲ್ಲೇ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಇದೆ, ಹಳೇ ವಾಚು, ಮೆಷಿನ್ನು ಎಲ್ಲಾ ಇಟ್ಟಿದ್ದಾರೆ.

ಒಂದು ತಿದ್ದುಪಡಿ. "ನಾಲ್ಕು ದಿಕ್ಕಿನಲ್ಲಿ" ಅಂತ ಬರೆದರೆ ಓದೋರು ಪೂರ್ವ, ಪಶ್ಚಿಮ ಅಂದ್ಕೊಳ್ತಾರೆ, ನಮ್ಮ ಜನ ವಾಸ್ತು ತನಕ ಹೋಗಿಬಿಡ್ತಾರೆ. "ಮಲಗಿಸಿ, ಬೋರಲು ಹಾಕಿ, ನಿಲ್ಲಿಸಿ, ತಲೆಕೆಳಗು ಮಾಡಿ" ಅಂತ ಬಿಡಿಸಿ ಬರೀರಿ. ಪ್ರೆಸ್ಸಿಗೆ ಕೊಡೋ ಮುಂಚೆ ನೋಡಿಕೊಳ್ಳಿ.